ರಾಜ ಹೋದ, ದ್ರೋಹ ಉಳಿಯಿತು

1916ರ ಮೇ 1. ಬೆಳಗಾವಿಯ ಸಭೆಯೊಂದರಲ್ಲಿ ಲೋಕಮಾನ್ಯ ಬಾಲ ಗಂಗಾಧರ ತಿಲಕರು ಮರಾಠಿಯಲ್ಲಿ ಮಾತನಾಡುತ್ತಿದ್ದರು. ಮಂಡಾಲೆಯ ಸೆರೆಮನೆಯಲ್ಲಿ ಆರು ವರ್ಷ ಕಳೆದು ಬಂದು ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಕೆಲವೇ ದಿನಗಳ ಹಿಂದೆ ಅದೇ ಬೆಳಗಾವಿಯಲ್ಲಿ ಅವರ ಹೋಂ ರೂಲ್ ಲೀಗ್ ಹುಟ್ಟಿತ್ತು. ವಿಷಯ, ಸ್ವರಾಜ್ಯ. ಆದರೆ ಸ್ವರಾಜ್ಯದ ಮಾತಿಗೆ ಮುನ್ನ ಇತ್ಯರ್ಥವಾಗಬೇಕಾದ ಪ್ರಶ್ನೆಯೊಂದಿತ್ತು. ‘ಸರ್ಕಾರ’ ಎಂದರೆ ಯಾರು?

ಆ ವರ್ಷದ ಸ್ವರಾಜ್ಯ ಭಾಷಣಗಳಲ್ಲಿ ತಿಲಕರು ಇದಕ್ಕೆ ಕೊಟ್ಟ ಉತ್ತರ ಅವರಿಗೇ ಸಲ್ಲುವಂಥದ್ದು. ನಿರ್ಗುಣ, ನಿರಾಕಾರ ಪರಬ್ರಹ್ಮ ಒಂದು. ಮಾಯೆಗೆ ಸಿಕ್ಕಿ ರೂಪ ತಾಳಿದ ಸಗುಣ ಮೂರ್ತಿ ಇನ್ನೊಂದು. ಆಳ್ವಿಕೆ ಎಂಬುದು ಬೇಕು, ಅದು ಇರಲಿ. ಆದರೆ ಅದರ ಹೆಸರಿನಲ್ಲಿ ಕುರ್ಚಿಯ ಮೇಲೆ ಕುಳಿತಿರುವ ಅಧಿಕಾರಿ ವರ್ಗವನ್ನೇ ಸರ್ಕಾರವೆಂದು ಭ್ರಮಿಸಬೇಕಾಗಿಲ್ಲ, ಅದನ್ನು ಬದಲಿಸಿ ಎಂದು ಕೇಳುವುದು ದ್ರೋಹವಲ್ಲ. ಇದು ಅವರ ವಾದದ ತಿರುಳು. ಗೀತೆಗೆ ಭಾಷ್ಯ ಬರೆದ ಕೈಗೆ ದಂಡಸಂಹಿತೆಗೆ ಭಾಷ್ಯ ಬರೆಯುವುದು ಕಷ್ಟವಾಗಲಿಲ್ಲ.

ಸರ್ಕಾರಕ್ಕೆ ಈ ವೇದಾಂತ ಹಿಡಿಸಲಿಲ್ಲ. ಬೆಳಗಾವಿಯ ಒಂದು, ಅಹಮದ್‌ನಗರದ ಎರಡು ಭಾಷಣಗಳನ್ನು ಮುಂದಿಟ್ಟುಕೊಂಡು, ಜುಲೈನಲ್ಲಿ ತಿಲಕರಿಗೆ ಅರವತ್ತು ತುಂಬಿದ ಸಂಭ್ರಮದ ಹೊತ್ತಿಗೇ ನೋಟಿಸು ಬಂತು. ಒಂದು ವರ್ಷ ಸದ್ವರ್ತನೆಯಿಂದ ಇರುವುದಾಗಿ ಇಪ್ಪತ್ತು ಸಾವಿರ ರೂಪಾಯಿಯ ಮುಚ್ಚಳಿಕೆ, ಜೊತೆಗೆ ತಲಾ ಹತ್ತು ಸಾವಿರದ ಇಬ್ಬರು ಜಾಮೀನುದಾರರು ಬೇಕೆಂದು ಪುಣೆಯ ಜಿಲ್ಲಾ ಮ್ಯಾಜಿಸ್ಟ್ರೇಟರ ಆಜ್ಞೆಯಾಯಿತು. ಬೊಂಬಾಯಿ ಹೈಕೋರ್ಟಿನಲ್ಲಿ ತಿಲಕರ ಪರವಾಗಿ ವಾದಿಸಿದವರು ಮಹಮ್ಮದ್ ಅಲಿ ಜಿನ್ನಾ. ನ್ಯಾಯಮೂರ್ತಿಗಳಾದ ಬ್ಯಾಚಲರ್ ಮತ್ತು ಶಾ ಅವರು ಭಾಷಣಗಳನ್ನು ಇಡಿಯಾಗಿ ಓದಿದರು. ಅಲ್ಲೊಂದು ಇಲ್ಲೊಂದು ವಾಕ್ಯ ಹೆಕ್ಕಿ ತೂಗುವುದು ಸರಿಯಲ್ಲವೆಂದರು. ನವೆಂಬರಿನಲ್ಲಿ ಆಜ್ಞೆ ರದ್ದಾಯಿತು.

ತಿಲಕರ ಮೇಲೆ ರಾಜದ್ರೋಹದ ಕಲಮಿನಡಿ ನಡೆದ ಮೂರು ಪ್ರಕರಣಗಳಲ್ಲಿ ಅವರು ಗೆದ್ದದ್ದು ಇದೊಂದೇ. ಮೊದಲಿನ ಎರಡು ಸೋಲುಗಳು ಪಠ್ಯಪುಸ್ತಕ ಸೇರಿವೆ; ಬೆಳಗಾವಿಯ ಭಾಷಣದಿಂದ ಬಂದ ಈ ಗೆಲುವು ಕನ್ನಡ ನಾಡಿನಲ್ಲೂ ಹೆಚ್ಚು ಜನರ ನೆನಪಿನಲ್ಲಿಲ್ಲ. ಬೆಳಗಾವಿಯಲ್ಲಿ ಅಂದು ಎತ್ತಿದ ಪ್ರಶ್ನೆ ಮಾತ್ರ ಶತಮಾನ ಕಳೆದರೂ ದೆಹಲಿಯ ನ್ಯಾಯಪೀಠಗಳ ಮುಂದೆ ಹಾಗೆಯೇ ನಿಂತಿದೆ.

ಮರೆತ ಕಲಮು, ನೆನಪಾದ ಕಲಮು

ಮೆಕಾಲೆಯ ನೇತೃತ್ವದಲ್ಲಿ 1837ರಲ್ಲಿ ಸಿದ್ಧವಾದ ದಂಡಸಂಹಿತೆಯ ಕರಡಿನಲ್ಲಿ ರಾಜದ್ರೋಹಕ್ಕೆ ಜಾಗವಿತ್ತು. 1860ರಲ್ಲಿ ಸಂಹಿತೆ ಕಾಯ್ದೆಯಾದಾಗ ಅದು ಕಾಣಲಿಲ್ಲ. ಹತ್ತು ವರ್ಷಗಳ ನಂತರ, 1870ರಲ್ಲಿ, ಕಾನೂನು ಸದಸ್ಯ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ‘ಹಿಂದೆ ಕೈತಪ್ಪಿ ಬಿಟ್ಟುಹೋಗಿದ್ದು’ ಎಂಬ ವಿವರಣೆಯೊಡನೆ ಅದನ್ನು 124ಎ ಎಂದು ಸೇರಿಸಿದರು. ಇಡೀ ಉಪಖಂಡವನ್ನು ಆಳುತ್ತಿದ್ದ ಸರ್ಕಾರ ತನ್ನ ರಕ್ಷಣೆಯ ಕಲಮನ್ನೇ ಮರೆಯಿತೆಂಬುದನ್ನು ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು.

ಕಲಮಿನ ಒಡಲಲ್ಲಿದ್ದ ಮುಖ್ಯ ಪದ ‘ಅಪ್ರೀತಿ’. ಮಾತಿನಿಂದ, ಬರಹದಿಂದ, ಸಂಜ್ಞೆಯಿಂದ ಸರ್ಕಾರದ ಬಗ್ಗೆ ಅಪ್ರೀತಿ ಕೆರಳಿಸುವುದು ಅಪರಾಧ. 1897ರಲ್ಲಿ ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡನ ಕೊಲೆಯಾದ ಮೇಲೆ, ‘ಕೇಸರಿ’ಯಲ್ಲಿ ಶಿವಾಜಿಯ ಕುರಿತು ಬಂದ ಬರಹಗಳಿಗಾಗಿ ತಿಲಕರ ವಿಚಾರಣೆ ನಡೆಯಿತು. ನ್ಯಾಯಮೂರ್ತಿ ಸ್ಟ್ರೇಚಿ ಜ್ಯೂರಿಗೆ ಈ ಪದದ ಅರ್ಥ ಬಿಡಿಸಿ ಹೇಳಿದರು: ಅಪ್ರೀತಿ ಎಂದರೆ ಪ್ರೀತಿ ಇಲ್ಲದಿರುವುದು. ಗಲಭೆ ಆಗಬೇಕೆಂದಿಲ್ಲ, ಗಲಭೆಯ ಉದ್ದೇಶವೂ ಬೇಕಿಲ್ಲ. ಜ್ಯೂರಿಯಲ್ಲಿದ್ದ ಆರು ಐರೋಪ್ಯರು ತಪ್ಪಿತಸ್ಥ ಎಂದರು, ಮೂವರು ಭಾರತೀಯರು ಅಲ್ಲ ಎಂದರು. ಹದಿನೆಂಟು ತಿಂಗಳ ಕಠಿಣ ಸಜೆಯಾಯಿತು. ಮರುವರ್ಷ, 1898ರಲ್ಲಿ, ಸರ್ಕಾರ ಕಲಮನ್ನೇ ತಿದ್ದಿ ‘ದ್ವೇಷ’, ‘ತಿರಸ್ಕಾರ’ಗಳನ್ನೂ ಜೋಡಿಸಿ, ಅಪ್ರೀತಿಯಲ್ಲಿ ವೈರಭಾವವೂ ನಿಷ್ಠೆಯಿಲ್ಲದಿರುವುದೂ ಸೇರುತ್ತವೆಂದು ಬರೆಯಿತು.

1908ರದು ಇನ್ನಷ್ಟು ಕಟುವಾದ ಕಥೆ. ಹಿಂದಿನ ಪ್ರಕರಣದಲ್ಲಿ ತಿಲಕರ ಜಾಮೀನಿಗಾಗಿ ವಾದಿಸಿದ್ದ ವಕೀಲ ದಿನ್‌ಷಾ ದಾವರ್ ಅವರೇ ಈಗ ನ್ಯಾಯಪೀಠದಲ್ಲಿದ್ದರು. ತಿಲಕರು ತಮ್ಮ ವಾದವನ್ನು ತಾವೇ ದಿನಗಟ್ಟಲೆ ಮಂಡಿಸಿದರು. ಜ್ಯೂರಿ 7–2ರಿಂದ ಅಪರಾಧಿ ಎಂದಿತು. ಆರು ವರ್ಷ ಗಡೀಪಾರು. ಬೊಂಬಾಯಿಯ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿ ಬೀದಿಗಿಳಿದರು. ಮಂಡಾಲೆಯಲ್ಲಿ ‘ಗೀತಾರಹಸ್ಯ’ ಹುಟ್ಟಿತು; ಮುಂದೆ ಅದನ್ನು ಕನ್ನಡಕ್ಕೆ ತಂದವರು ಆಲೂರು ವೆಂಕಟರಾಯರು.

ಇನ್ನು 1922ರ ಮಾರ್ಚ್ 18ರ ಅಹಮದಾಬಾದ್. ‘ಯಂಗ್ ಇಂಡಿಯಾ’ದ ಮೂರು ಲೇಖನಗಳಿಗಾಗಿ ಕಟಕಟೆಯಲ್ಲಿ ನಿಂತ ಗಾಂಧೀಜಿ ತಪ್ಪೊಪ್ಪಿಕೊಂಡರು. ಪ್ರಜೆಯ ಸ್ವಾತಂತ್ರ್ಯವನ್ನು ತುಳಿಯಲೆಂದೇ ಮಾಡಿದ ರಾಜಕೀಯ ಕಲಮುಗಳಲ್ಲೆಲ್ಲ ಇದು ರಾಜಕುಮಾರನಂಥದ್ದು ಎಂದರು. ಪ್ರೀತಿಯನ್ನು ಕಾನೂನಿನಿಂದ ತಯಾರಿಸಲಾಗದು ಎಂದೂ ಹೇಳಿದರು. ಸ್ಟ್ರೇಚಿಯವರ ಪದಾರ್ಥಕ್ಕೆ ಇಪ್ಪತ್ತೈದು ವರ್ಷ ತಡವಾಗಿ ಬಂದ ಉತ್ತರ ಅದು. ನ್ಯಾಯಾಧೀಶ ಬ್ರೂಮ್‌ಫೀಲ್ಡ್ ತಿಲಕರ ಪ್ರಕರಣವನ್ನು ಸ್ಮರಿಸಿ ಅಷ್ಟೇ, ಅಂದರೆ ಆರು ವರ್ಷ, ಸಜೆ ವಿಧಿಸಿದರು. ಮುಂದೆ ಸರ್ಕಾರ ಇದನ್ನು ಕಡಿಮೆ ಮಾಡಿದರೆ ತಮಗಿಂತ ಸಂತೋಷಪಡುವವರು ಬೇರೆ ಇರಲಾರರು ಎಂದೂ ಸೇರಿಸಿದರು. ಕಾನೂನು ಅಷ್ಟು ಸ್ಪಷ್ಟವಾಗಿತ್ತು: ಅಪರಾಧಿಯೂ ಒಪ್ಪುತ್ತಾನೆ, ನ್ಯಾಯಾಧೀಶರೂ ಗೌರವಿಸುತ್ತಾರೆ, ಸಜೆ ಮಾತ್ರ ತಪ್ಪುವುದಿಲ್ಲ.

ಬ್ರಿಟಿಷ್ ನ್ಯಾಯಮೂರ್ತಿಗಳೆಲ್ಲ ಒಂದೇ ಬಗೆಯವರಾಗಿರಲಿಲ್ಲವೆಂಬುದನ್ನೂ ಹೇಳಬೇಕು. 1942ರಲ್ಲಿ ಫೆಡರಲ್ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಮಾರಿಸ್ ಗ್ವಾಯರ್, ನಿಹಾರೇಂದು ದತ್ತ ಮಜುಂದಾರ್ ಪ್ರಕರಣದಲ್ಲಿ, ಸರ್ಕಾರದ ಗಾಯಗೊಂಡ ಜಂಬಕ್ಕೆ ಮುಲಾಮು ಹಚ್ಚುವುದಕ್ಕಾಗಿ ಈ ಕಲಮು ಇರುವುದಲ್ಲ, ಸಾರ್ವಜನಿಕ ಅವ್ಯವಸ್ಥೆಯ ಸಂಭವವಿದ್ದರೆ ಮಾತ್ರ ಇದು ಅನ್ವಯ ಎಂದರು. ಐದೇ ವರ್ಷದಲ್ಲಿ, 1947ರಲ್ಲಿ, ಲಂಡನ್ನಿನ ಪ್ರಿವಿ ಕೌನ್ಸಿಲ್ ಅದನ್ನು ತಳ್ಳಿಹಾಕಿತು. ಕಲಮಿನಲ್ಲಿ ಹಾಗೆ ಬರೆದಿಲ್ಲವಲ್ಲ ಎಂಬುದು ಅದರ ಕಾರಣ. ಸ್ವಾತಂತ್ರ್ಯ ಬಂದದ್ದು ಅದೇ ವರ್ಷ.

ವಜ್ರದ ಸೊಂಟಪಟ್ಟಿ

ಸಂವಿಧಾನದ ಕರಡಿನಲ್ಲಿ ವಾಕ್ ಸ್ವಾತಂತ್ರ್ಯಕ್ಕೆ ಹಾಕಬಹುದಾದ ಮಿತಿಗಳ ಪಟ್ಟಿಯೊಂದಿತ್ತು. ಅದರಲ್ಲಿ ‘ರಾಜದ್ರೋಹ’ವೂ ಇತ್ತು. 1948ರ ಡಿಸೆಂಬರ್ ಮೊದಲ ದಿನಗಳಲ್ಲಿ ಸಂವಿಧಾನ ಸಭೆಯಲ್ಲಿ ಅದು ಚರ್ಚೆಗೆ ಬಂದಾಗ ಕೆ.ಎಂ. ಮುನ್ಷಿಯವರು ಆ ಪದವನ್ನೇ ತೆಗೆಯಬೇಕೆಂದು ತಿದ್ದುಪಡಿ ತಂದರು. ಪ್ರಜಾಪ್ರಭುತ್ವದಲ್ಲಿ ಸರ್ಕಾರದ ಟೀಕೆ ಸ್ವಾಗತಾರ್ಹ; ಹಿಂಸೆಗೆ ಪ್ರಚೋದನೆ ಬೇರೆ. ಎರಡರ ನಡುವೆ ಗೆರೆ ಎಳೆಯಲೇಬೇಕೆಂಬುದು ಅವರ ವಾದ.

ಆ ಚರ್ಚೆಯಲ್ಲಿ ಸೇಠ್ ಗೋವಿಂದದಾಸರು ತಮ್ಮ ಮನೆಯ ಕಥೆಯೊಂದನ್ನು ಸಭೆಯ ಮುಂದಿಟ್ಟರು. 1857ರಲ್ಲಿ ಬ್ರಿಟಿಷರಿಗೆ ನೆರವಾದದ್ದಕ್ಕೆ ಅವರ ಮುತ್ತಜ್ಜನಿಗೆ ವಜ್ರ ಕೂರಿಸಿದ ಬಂಗಾರದ ಸೊಂಟಪಟ್ಟಿ ಬಹುಮಾನವಾಗಿ ಬಂದಿತ್ತು. ಸೇವೆಯ ವಿವರವನ್ನು ಅದರ ಮೇಲೆ ಕೊರೆಯಲಾಗಿತ್ತು. 1930ರ ಸತ್ಯಾಗ್ರಹದ ವೇಳೆ ಗೋವಿಂದದಾಸರು ಭಾಷಣವೊಂದರಲ್ಲಿ, ಪರಕೀಯ ಸರ್ಕಾರಕ್ಕೆ ನೆರವಾಗಿ ಮುತ್ತಜ್ಜ ಪಾಪ ಮಾಡಿದ, ಆ ಸರ್ಕಾರವನ್ನು ಕಿತ್ತುಹಾಕಿ ಮರಿಮಗ ಆ ಪಾಪ ತೊಳೆದ ಎಂಬ ಮಾತನ್ನೂ ಆ ಪಟ್ಟಿಯ ಮೇಲೆ ಕೊರೆಸಬೇಕೆಂದಿದ್ದೇನೆ ಎಂದರು. ಅದಕ್ಕೇ 124ಎ ಮೊಕದ್ದಮೆ, ಜೈಲು. ತನ್ನ ಮುತ್ತಜ್ಜನನ್ನು ತಾನು ಬೈದರೂ ರಾಜದ್ರೋಹ! ಇಂಥವರು ಅನೇಕರಿದ್ದ ಸಭೆ ಅದು. ಪದ ಹೋಯಿತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 19ನೇ ವಿಧಿಯಲ್ಲಿ ರಾಜದ್ರೋಹವೆಂಬ ಮಾತೇ ಇಲ್ಲ.

ಆದರೆ ಮನೆಯ ಮುಂಬಾಗಿಲಿನಿಂದ ಹೊರಹಾಕಿದ್ದು ಹಿತ್ತಿಲಿನಲ್ಲಿ ಉಳಿದೇ ಇತ್ತು. ಹಳೆಯ ಕಾನೂನುಗಳೆಲ್ಲ ಸದ್ಯಕ್ಕೆ ಮುಂದುವರಿಯಲಿ ಎಂದು 372ನೇ ವಿಧಿ ಹೇಳಿತು. ಅವುಗಳಲ್ಲಿ ಮೂಲಭೂತ ಹಕ್ಕಿಗೆ ವಿರುದ್ಧವಾದದ್ದು ಅಷ್ಟರಮಟ್ಟಿಗೆ ಅಸಿಂಧು ಎಂದು 13ನೇ ವಿಧಿ ಹೇಳಿತು. ಯಾವುದು ವಿರುದ್ಧ, ಎಷ್ಟರಮಟ್ಟಿಗೆ ಎಂದು ಹೇಳಬೇಕಾದವರು ನ್ಯಾಯಾಲಯದವರು. ಪಂಜಾಬ್ ಹೈಕೋರ್ಟ್ 1950ರಲ್ಲಿ ತಾರಾಸಿಂಗ್ ಪ್ರಕರಣದಲ್ಲಿ 124ಎ ಅಸಿಂಧು ಎಂದಿತು. 1951ರಲ್ಲಿ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂದು ‘ಸಾರ್ವಜನಿಕ ಸುವ್ಯವಸ್ಥೆ’ ಎಂಬ ಹೊಸ ಮಿತಿ ಸೇರಿತು. ಆ ಚರ್ಚೆಯಲ್ಲೇ ಪ್ರಧಾನಿ ನೆಹರೂ, ರಾಜದ್ರೋಹದ ಕಲಮು ಅಸಹ್ಯವಾದದ್ದು, ಎಷ್ಟು ಬೇಗ ತೊಲಗಿದರೆ ಅಷ್ಟು ಒಳ್ಳೆಯದು ಎಂದರು. ಅವರ ಸರ್ಕಾರ ಆ ನಂತರವೂ ಹದಿಮೂರು ವರ್ಷ ಇತ್ತು. ಕಲಮೂ ಇತ್ತು. ಅಲಹಾಬಾದ್ ಹೈಕೋರ್ಟ್ 1958ರಲ್ಲಿ ಮತ್ತೊಮ್ಮೆ ಅಸಿಂಧು ಎಂದದ್ದೂ ಆಯಿತು.

ಬರೌನಿಯ ಭಾಷಣ

ಕೊನೆಗೆ ಎಲ್ಲವೂ ಬಂದು ನಿಂತದ್ದು ಬಿಹಾರದ ಬರೌನಿಯ ಒಂದು ಭಾಷಣದ ಮೇಲೆ. 1953ರ ಮೇ 26ರಂದು ಅಲ್ಲಿ ಮಾತನಾಡಿದ ಕೇದಾರನಾಥ ಸಿಂಗ್, ಸಿ.ಐ.ಡಿ.ಯ ನಾಯಿಗಳು ಊರ ಸುತ್ತ ತಿರುಗುತ್ತಿವೆ, ಕೆಲವು ಈ ಸಭೆಯಲ್ಲೂ ಕುಳಿತಿವೆ ಎಂದರು. ಆಳುವ ಕಾಂಗ್ರೆಸ್ಸಿನವರನ್ನು ಗೂಂಡಾಗಳೆಂದರು. ಕ್ರಾಂತಿಯ ಮಾತನ್ನೂ ಆಡಿದರು. ಒಂದು ವರ್ಷ ಸಜೆಯಾಯಿತು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 1962ರ ಜನವರಿ 20ರಂದು ತೀರ್ಪಿತ್ತಿತು.

ತೀರ್ಪಿನ ಜಾಣ್ಮೆ ಒಪ್ಪಬೇಕಾದದ್ದೇ. ಕಲಮನ್ನು ಅಕ್ಷರಶಃ ಓದಿದರೆ ಅದು ಸಂವಿಧಾನಕ್ಕೆ ವಿರುದ್ಧ. ಆದ್ದರಿಂದ ಗ್ವಾಯರ್ ಓದಿದಂತೆ ಓದೋಣ: ಹಿಂಸೆಗೆ ಪ್ರಚೋದಿಸುವ ಅಥವಾ ಸಾರ್ವಜನಿಕ ಅವ್ಯವಸ್ಥೆ ಉಂಟುಮಾಡುವ ಉದ್ದೇಶ ಇಲ್ಲವೇ ಪ್ರವೃತ್ತಿ ಇರುವ ಮಾತು ಮಾತ್ರ ಅಪರಾಧ. ಕಾನೂನಿನಿಂದ ಸ್ಥಾಪಿತವಾದ ಸರ್ಕಾರ ಬೇರೆ, ಸದ್ಯಕ್ಕೆ ಆಡಳಿತ ನಡೆಸುತ್ತಿರುವ ವ್ಯಕ್ತಿಗಳು ಬೇರೆ ಎಂದೂ ಮುಖ್ಯ ನ್ಯಾಯಮೂರ್ತಿ ಬಿ.ಪಿ. ಸಿನ್ಹಾ ಬರೆದರು. ಪರಬ್ರಹ್ಮ ಬೇರೆ, ಸಗುಣ ಮೂರ್ತಿ ಬೇರೆ! ತಿಲಕರ ಸ್ವರಾಜ್ಯ ಭಾಷಣದ ಮಾತು ನಲವತ್ತಾರು ವರ್ಷಗಳ ನಂತರ ಸುಪ್ರೀಂ ಕೋರ್ಟಿನ ಬಾಯಲ್ಲಿ ಬಂದಿತ್ತು. ಆದರೂ ಸಿ.ಐ.ಡಿ.ಯವರನ್ನು ನಾಯಿಗಳೆಂದ ಕೇದಾರನಾಥರ ಮೇಲ್ಮನವಿ ವಜಾ ಆಯಿತು.

ಈ ತೀರ್ಪಿನ ದೌರ್ಬಲ್ಯ ಇರುವುದು ಅದರ ತರ್ಕದಲ್ಲಿ ಅಲ್ಲ, ಅದು ಇರುವ ಜಾಗದಲ್ಲಿ. ಹಿಂಸೆ ಎಂಬ ಮಾತು ಬಂದದ್ದು ತೀರ್ಪಿನ ಸಂಪುಟದಲ್ಲಿ. ಠಾಣೆಯ ಮೇಜಿನ ಮೇಲಿದ್ದದ್ದು ದಂಡಸಂಹಿತೆ. ಅದರಲ್ಲಿ ದ್ವೇಷ, ತಿರಸ್ಕಾರ, ಅಪ್ರೀತಿಗಳು 1898ರಲ್ಲಿ ಇದ್ದಂತೆಯೇ ಇದ್ದವು. ಸಂಸತ್ತು ಒಂದಕ್ಷರವನ್ನೂ ತಿದ್ದಲಿಲ್ಲ. ಸಾಲದ್ದಕ್ಕೆ, 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಹೊಸ ದಂಡ ಪ್ರಕ್ರಿಯಾ ಸಂಹಿತೆ ಇದನ್ನು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧವನ್ನಾಗಿ ಮಾಡಿತು. ಬ್ರಿಟಿಷರ ಕಾಲದಲ್ಲೂ ಪೊಲೀಸರಿಗೆ ಇರದಿದ್ದ ಅಧಿಕಾರವಿದು. ಸ್ವತಂತ್ರ ಭಾರತದ ಸಂಸತ್ತು ಕೊಟ್ಟದ್ದು. ವಸಾಹತು ಕಾನೂನು ಎಂದು ಇಂಗ್ಲಿಷರನ್ನು ಮಾತ್ರ ದೂರುವವರು ಇದನ್ನು ಮರೆಯುವಂತಿಲ್ಲ.

ಹೀಗಾಗಿ ಪರಿಪಾಠವೊಂದು ಬೆಳೆಯಿತು. ಕೆಳಗೆ ಮೊಕದ್ದಮೆ ಹೂಡುವುದು, ವರ್ಷಗಳ ನಂತರ ಮೇಲೆ ಅದು ಬಿದ್ದುಹೋಗುವುದು. 1984ರ ಅಕ್ಟೋಬರ್ 31ರಂದು, ಇಂದಿರಾ ಗಾಂಧಿಯವರ ಹತ್ಯೆಯ ದಿನ, ಚಂಡೀಗಡದ ಚಿತ್ರಮಂದಿರವೊಂದರ ಮುಂದೆ ಖಾಲಿಸ್ತಾನದ ಪರ ಘೋಷಣೆ ಕೂಗಿದರೆಂದು ಸರ್ಕಾರಿ ನೌಕರರ ಮೇಲೆ ರಾಜದ್ರೋಹ ಹೊರಿಸಲಾಯಿತು. ಒಂದೆರಡು ಬಾರಿ ಕೂಗಿದ್ದರಿಂದ ಯಾರೂ ಕೆರಳಲಿಲ್ಲ, ಅಲ್ಲೇನೂ ಆಗಲಿಲ್ಲ, ಪೊಲೀಸರು ಸಂಯಮ ತೋರಬೇಕಿತ್ತು ಎಂದು ಸುಪ್ರೀಂ ಕೋರ್ಟ್ ಅವರನ್ನು ಬಿಡುಗಡೆ ಮಾಡಿತು. 1995ರಲ್ಲಿ! ನಡುವೆ ಕಳೆದ ಹನ್ನೊಂದು ವರ್ಷಗಳನ್ನು ಯಾವ ತೀರ್ಪೂ ಹಿಂದಿರುಗಿಸದು.

ಕರ್ನಾಟಕದ ಉದಾಹರಣೆ ಬೀದರಿನದು. 2020ರ ಜನವರಿಯಲ್ಲಿ ಶಾಲೆಯೊಂದರ ಮಕ್ಕಳು ಪೌರತ್ವ ಕಾಯ್ದೆಯನ್ನು ಕುರಿತು ನಾಟಕವಾಡಿದರು. ಪ್ರಧಾನಿಯ ಬಗ್ಗೆ ಚಪ್ಪಲಿಯ ಮಾತೊಂದು ಅದರಲ್ಲಿ ಬಂತು. ಯಾರೋ ಅದನ್ನು ಫೇಸ್‌ಬುಕ್ಕಿಗೆ ಏರಿಸಿದರು. ಮುಖ್ಯೋಪಾಧ್ಯಾಯಿನಿ ಮತ್ತು ಒಬ್ಬ ವಿದ್ಯಾರ್ಥಿನಿಯ ತಾಯಿ ರಾಜದ್ರೋಹದ ಆರೋಪದಲ್ಲಿ ಜೈಲು ಸೇರಿದರು. ಪುಟ್ಟ ಮಕ್ಕಳನ್ನು ಪೊಲೀಸರು ಮತ್ತೆ ಮತ್ತೆ ಪ್ರಶ್ನಿಸಿದರು. 2023ರ ಜೂನ್‌ನಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಮೊಕದ್ದಮೆ ರದ್ದುಪಡಿಸಿತು. ಆ ಮಾತು ಅವಹೇಳನಕಾರಿ, ಬೇಜವಾಬ್ದಾರಿಯದು ಎಂದ ನ್ಯಾಯಾಲಯ, ಆದರೆ ಅದು ರಾಜದ್ರೋಹವಲ್ಲ ಎಂದಿತು. ಮಕ್ಕಳಿಂದ ಅಂಥ ಮಾತಾಡಿಸಬಾರದಿತ್ತು ಎಂಬುದನ್ನು ಯಾರಾದರೂ ಒಪ್ಪಿಯಾರು. ಶಾಲೆಯ ಆಡಳಿತ ಮಂಡಳಿಯವರು ಕರೆದು ಗದರಿಸಬೇಕಾದ ಮಾತಿಗೆ, ಜೀವಾವಧಿ ಶಿಕ್ಷೆಯ ಕಲಮು ಬಂತಲ್ಲ ಎಂಬುದೇ ಇಲ್ಲಿನ ಸಂಕಟ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2014ರಿಂದ ಇಂಥ ಪ್ರಕರಣಗಳನ್ನು ಪ್ರತ್ಯೇಕವಾಗಿ ಎಣಿಸತೊಡಗಿತು. 2014ರಿಂದ 2019ರವರೆಗೆ ದೇಶದಲ್ಲಿ ದಾಖಲಾದವು 326. ಆ ಆರು ವರ್ಷಗಳಲ್ಲಿ ಶಿಕ್ಷೆಯಾದದ್ದು ಆರು ಮಂದಿಗೆ. ಉಳಿದವರಿಗೆ ಶಿಕ್ಷೆಯಾಗಲಿಲ್ಲ ಎನ್ನುವುದು ಕಾಗದದ ಲೆಕ್ಕ. ಜಾಮೀನಿಗೆ ಅಲೆದಾಟ, ವಕೀಲರ ಫೀಜು, ತಿಂಗಳು ತಿಂಗಳ ವಾಯಿದೆ, ಊರಿನವರ ಬಾಯಲ್ಲಿ ಅಂಟಿಕೊಳ್ಳುವ ‘ದೇಶದ್ರೋಹಿ’ ಎಂಬ ಹೆಸರು, ಇವು ಯಾವ ಅಂಕಿಅಂಶದಲ್ಲೂ ಸಿಗುವುದಿಲ್ಲ.

ಉಳಿಯಲಿ ಎನ್ನುವವರ ವಾದ

ಇನ್ನೊಂದು ಕಡೆಯ ಮಾತನ್ನೂ ಕೇಳಬೇಕು. ಕಾನೂನು ಆಯೋಗ ತನ್ನ 279ನೇ ವರದಿಯಲ್ಲಿ, 2023ರಲ್ಲಿ, ಕಲಮು ಉಳಿಯಬೇಕೆಂದಿತು. ಅದರ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಹಿಂದೆ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಮಾವೋವಾದಿ ಹಿಂಸೆ, ಈಶಾನ್ಯದ ಬಂಡಾಯ, ಕಾಶ್ಮೀರದ ಸ್ಥಿತಿಗಳನ್ನು ಅದು ಮುಂದಿಟ್ಟಿತು. ವಸಾಹತು ಕಾಲದ್ದು ಎಂಬುದೊಂದೇ ಕಾರಣಕ್ಕೆ ತೆಗೆಯುವುದಾದರೆ ಇಡೀ ನ್ಯಾಯವ್ಯವಸ್ಥೆಯನ್ನೇ ತೆಗೆಯಬೇಕಾದೀತು ಎಂದಿತು. ಹಿಂಸೆಯ ಪ್ರವೃತ್ತಿ ಎಂಬ ಕೇದಾರನಾಥ ತೀರ್ಪಿನ ಮಾತನ್ನು ಕಲಮಿನೊಳಗೇ ಬರೆಯಿರಿ, ಎಫ್.ಐ.ಆರ್.ಗೆ ಮುನ್ನ ಹಿರಿಯ ಅಧಿಕಾರಿಯ ವಿಚಾರಣೆಯಾಗಲಿ ಎಂದ ಆಯೋಗ, ಅದೇ ಉಸಿರಿನಲ್ಲಿ ಮೂರು ವರ್ಷದ ಶಿಕ್ಷೆಯನ್ನು ಏಳಕ್ಕೆ ಏರಿಸಿರಿ ಎಂದೂ ಹೇಳಿತು.

ಈ ವಾದದಲ್ಲಿ ಹುರುಳಿಲ್ಲದಿಲ್ಲ. ಕಳ್ಳತನದ ಕಲಮೂ ಮೆಕಾಲೆಯ ಕಾಲದ್ದೇ; ಅದನ್ನು ಯಾರೂ ಗುಲಾಮಗಿರಿಯ ಕುರುಹು ಎನ್ನುವುದಿಲ್ಲ. ಆದರೆ ಪ್ರಶ್ನೆ ಇರುವುದು ಕಾನೂನಿನ ಜಾತಕದಲ್ಲಿ ಅಲ್ಲ. ಕಳ್ಳತನದ ಕಾನೂನಿಗೆ ಆಳುವವನು ಯಾರಾದರೂ ಒಂದೇ. ರಾಜದ್ರೋಹದ ಕಾನೂನು ಹಾಗಲ್ಲ. ಮೇಲೊಬ್ಬ ಒಡೆಯ, ಕೆಳಗೊಬ್ಬ ನಿಷ್ಠೆ ಸಲ್ಲಿಸಬೇಕಾದ ಆಳು ಎಂಬ ಸಂಬಂಧವನ್ನು ಅದು ಮೊದಲೇ ಊಹಿಸಿಕೊಂಡಿರುತ್ತದೆ. ಐದು ವರ್ಷಕ್ಕೊಮ್ಮೆ ಸರ್ಕಾರವನ್ನು ಬದಲಿಸುವ ಹಕ್ಕುಳ್ಳ ಮತದಾರನಿಗೆ, ಅದನ್ನು ತಿರಸ್ಕರಿಸಿ ಎಂದು ನೆರೆಯವನಿಗೆ ಹೇಳುವ ಹಕ್ಕಿಲ್ಲವೆಂದರೆ ಚುನಾವಣೆ ನಡೆಯುವುದಾದರೂ ಹೇಗೆ? ಶಸ್ತ್ರ ಹಿಡಿದವರ ಮಾತು ಬೇರೆ. ಯುದ್ಧ ಸಾರುವುದು, ಒಳಸಂಚು, ಭಯೋತ್ಪಾದನೆ ಇವಕ್ಕೆಲ್ಲ ಬೇರೆ ಕಲಮುಗಳಿವೆ, ಬೇರೆ ಕಾಯ್ದೆಗಳೇ ಇವೆ.

ಕಾನೂನಿನ ನೆಲವೂ 1962ರಿಂದ ಈಚೆಗೆ ಸಾಕಷ್ಟು ಸರಿದಿದೆ. ಅಂದು ಕಲಮನ್ನು ಒರೆಗೆ ಹಚ್ಚಿದ್ದು 19ನೇ ವಿಧಿಗೆ ಮಾತ್ರ. 1978ರ ಮೇನಕಾ ಗಾಂಧಿ ತೀರ್ಪಿನ ನಂತರ ಸಮಾನತೆಯ 14, ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿಗಳನ್ನೂ ಒಟ್ಟಿಗೆ ಇಟ್ಟು ನೋಡುವುದು ರೂಢಿಯಾಯಿತು. ಅದೇ 1860ರ ಸಂಹಿತೆಯ 377 ಮತ್ತು 497ನೇ ಕಲಮುಗಳು 2018ರ ಸೆಪ್ಟೆಂಬರ್ ತಿಂಗಳೊಂದರಲ್ಲೇ ಈ ಒರೆಗಲ್ಲಿನಲ್ಲಿ ಸೋತವು, ಮೊದಲನೆಯದು ಭಾಗಶಃ, ಎರಡನೆಯದು ಪೂರ್ತಿ. ಹೊರಗೂ ಗಾಳಿ ಬದಲಾಗಿದೆ. ಕಲಮನ್ನು ಕೊಟ್ಟ ಇಂಗ್ಲೆಂಡೇ ತನ್ನಲ್ಲಿ ರಾಜದ್ರೋಹವನ್ನು 2009ರ ಕಾಯ್ದೆಯಿಂದ ಕೈಬಿಟ್ಟಿತು. ನಮ್ಮದೇ ದಂಡಸಂಹಿತೆಯನ್ನು ಪಾಲು ಪಡೆದ ಪಾಕಿಸ್ತಾನದಲ್ಲಿ 2023ರ ಮಾರ್ಚ್‌ನಲ್ಲಿ ಲಾಹೋರ್ ಹೈಕೋರ್ಟ್ ಅದೇ 124ಎ ಸಂವಿಧಾನ ವಿರೋಧಿ ಎಂದಿತು.

ಮೈಸೂರಿನಿಂದ ಬಂದ ಅರ್ಜಿ

ಸುಪ್ರೀಂ ಕೋರ್ಟಿನಲ್ಲಿ ಈ ಪ್ರಶ್ನೆ ಮತ್ತೆ ಜೀವ ತಳೆದದ್ದು ಮೈಸೂರಿನಲ್ಲಿ ನೆಲೆಸಿರುವ ನಿವೃತ್ತ ಮೇಜರ್ ಜನರಲ್ ಎಸ್.ಜಿ. ವೊಂಬತ್ಕೆರೆ ಅವರ ಹೆಸರಿನ ಅರ್ಜಿಯಿಂದ. 2021ರ ಜುಲೈ 15ರಂದು ಅದನ್ನು ಕೈಗೆತ್ತಿಕೊಂಡ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ, ಗಾಂಧಿ ತಿಲಕರನ್ನು ಸುಮ್ಮನಾಗಿಸಲು ಬಳಸಿದ ಕಾನೂನು ಸ್ವಾತಂತ್ರ್ಯ ಬಂದು ಇಷ್ಟು ವರ್ಷವಾದ ಮೇಲೂ ಬೇಕೇ ಎಂದು ಸರ್ಕಾರವನ್ನು ಕೇಳಿದರು. ಮರ ಕೊಯ್ಯಲು ಕೊಟ್ಟ ಗರಗಸದಿಂದ ಬಡಗಿ ಕಾಡನ್ನೇ ಕಡಿದಂತಾಗಿದೆ ಎಂದರು. ಸೇನೆಗೆ ಬದುಕನ್ನು ಮುಡಿಪಾಗಿಟ್ಟ ಅರ್ಜಿದಾರರ ಉದ್ದೇಶವನ್ನು ಶಂಕಿಸುವಂತಿಲ್ಲವೆಂದೂ ಪೀಠ ಹೇಳಿತು. 2022ರ ಮೇ 11ರಂದು ಮಧ್ಯಂತರ ಆದೇಶ ಬಂತು: ಕೇಂದ್ರ ಸರ್ಕಾರ ಕಲಮನ್ನು ಮರುಪರಿಶೀಲಿಸುವವರೆಗೆ ಹೊಸ ಮೊಕದ್ದಮೆ ಹೂಡಬಾರದು, ಹಳೆಯವು ತಡೆಯಲ್ಲಿರಲಿ. 152 ವರ್ಷಗಳ ನಂತರ ರಾಜದ್ರೋಹ ಮೊದಲ ಬಾರಿಗೆ ವಿಶ್ರಾಂತಿ ಪಡೆಯಿತು.

2023ರ ಆಗಸ್ಟ್ 11ರಂದು ಹೊಸ ಸಂಹಿತೆಗಳ ಮಸೂದೆ ಮಂಡಿಸಿದ ಗೃಹ ಸಚಿವ ಅಮಿತ್ ಶಾ ರಾಜದ್ರೋಹವನ್ನು ಸಂಪೂರ್ಣವಾಗಿ ರದ್ದುಪಡಿಸಲಾಗುತ್ತಿದೆ ಎಂದರು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ‘ಅಪ್ರೀತಿ’ ಹೋಗಿದೆ, ‘ದ್ವೇಷ’ ಹೋಗಿದೆ, ‘ಸರ್ಕಾರ’ದ ಜಾಗದಲ್ಲಿ ದೇಶದ ಸಾರ್ವಭೌಮತೆ, ಏಕತೆ, ಅಖಂಡತೆಗಳು ಬಂದಿವೆ. ಇದು ಸಣ್ಣ ಬದಲಾವಣೆಯಲ್ಲ. ತಿಲಕರು ಕೇಳಿದ ಭೇದವನ್ನು ಮೊದಲ ಬಾರಿಗೆ ಶಾಸನವೇ ಒಪ್ಪಿದಂತಿದೆ. ಆದರೆ 152ನೇ ಕಲಮಿನ ಪದಗಳನ್ನು ಬಿಡಿಸಿ ನೋಡಿದರೆ ನಿರಾಳವಾಗುವುದು ಕಷ್ಟ. ‘ವಿಧ್ವಂಸಕ ಚಟುವಟಿಕೆ’ ಎಂದರೇನು, ‘ಪ್ರತ್ಯೇಕತಾ ಭಾವನೆ’ಗೆ ಉತ್ತೇಜನ ಎಂದರೇನು ಎಂಬುದಕ್ಕೆ ವ್ಯಾಖ್ಯೆಯಿಲ್ಲ. ಮತ್ತೆ ಭಾವನೆ! ಹಿಂಸೆಗೆ ಪ್ರಚೋದನೆ ಇರಲೇಬೇಕು ಎಂಬ ಮಾತೂ ಇಲ್ಲ. ಶಿಕ್ಷೆ ಜೀವಾವಧಿ ಅಥವಾ ಏಳು ವರ್ಷದವರೆಗೆ. ರಾಜದ್ರೋಹ ಹೋಗಿ ದೇಶದ್ರೋಹ ಬಂದಿದೆ ಎಂದು ಸರ್ಕಾರ ಸಂಸತ್ತಿನಲ್ಲಿ ಹೇಳಿಕೊಂಡಿತು. ಕನ್ನಡ ಪತ್ರಿಕೆಗಳಂತೂ ಬಹಳ ಹಿಂದಿನಿಂದಲೇ ಎರಡೂ ಪದಗಳನ್ನು ಒಂದರ ಬದಲು ಇನ್ನೊಂದಾಗಿ ಬಳಸುತ್ತ ಬಂದಿವೆ. ಠಾಣೆಗಳು ಆ ವ್ಯತ್ಯಾಸವನ್ನು ಎಷ್ಟು ಗಮನಿಸಿಯಾವು ಎಂಬುದೇ ಪ್ರಶ್ನೆ. 2024ರ ಡಿಸೆಂಬರಿನಲ್ಲಿ ರಾಜಸ್ಥಾನ ಹೈಕೋರ್ಟ್ ಹೊಸ ಕಲಮಿನ ಮೂಲ ಹಳೆಯ 124ಎಯಲ್ಲೇ ಇರುವಂತೆ ಕಾಣುತ್ತದೆ ಎಂದು, ನ್ಯಾಯಯುತ ಭಿನ್ನಮತದ ವಿರುದ್ಧ ಇದನ್ನು ಬಳಸಬಾರದೆಂದು ಎಚ್ಚರಿಸಿತು.

ಹಳೆಯ ಕಲಮಿನ ಸಿಂಧುತ್ವವನ್ನು ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್ 12ರಂದು ಕನಿಷ್ಠ ಐವರು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು. ಹೊಸ ಕಾನೂನು ಬರುತ್ತಿದೆ, ಕಾಯಿರಿ ಎಂಬ ಸರ್ಕಾರದ ಮಾತನ್ನು ಅದು ಒಪ್ಪಲಿಲ್ಲ. ಹಳೆಯ ಪ್ರಕರಣಗಳು ಹಳೆಯ ಕಲಮಿನಲ್ಲೇ ನಡೆಯಬೇಕಲ್ಲವೇ ಎಂದಿತು. ಇನ್ನು ಹೊಸ 152ನೇ ಕಲಮನ್ನು ಪ್ರಶ್ನಿಸಿದ ಅರ್ಜಿಯೊಂದರ ಮೇಲೆ ಅದೇ ನ್ಯಾಯಾಲಯ 2025ರ ಆಗಸ್ಟ್ 8ರಂದು ಕೇಂದ್ರಕ್ಕೆ ನೋಟಿಸು ನೀಡಿತು. ಅರ್ಜಿದಾರರು ಈ ಬಾರಿಯೂ ಮೈಸೂರಿನ ಅದೇ ನಿವೃತ್ತ ಮೇಜರ್ ಜನರಲ್.